ಕಣ್ಣು ಮುಚ್ಚಿ ಒತ್ತುತ್ತಿದ್ದ ಫಿಟ್ಟರ್

ಭಾನುವಾರ ಬೆಳಗ್ಗೆ ಎಂಟು ಗಂಟೆ. ರಾಜಾಜಿನಗರದ ನಮ್ಮ ಶೆಡ್ಡಿನಲ್ಲಿ ನಾನು, ನನ್ನ ಹೆಂಡತಿ, ಎದುರುಮನೆಯ ನಿವೃತ್ತ ಫಿಟ್ಟರ್ ಇದ್ದೆವು. ಅಪ್ಪನ ಟೇಬಲ್ ಫ್ಯಾನಿಗೆ ಹಿತ್ತಾಳೆಯ ಬುಷ್, ಅಂದರೆ ಅದರ ದಂಡ ತಿರುಗುವ ಪುಟ್ಟ ಬಳೆ, ಒತ್ತಿ ಕೂರಿಸಬೇಕಿತ್ತು. ಆ ಅಳತೆಯದು ಇಡೀ ಪೇಟೆಯಲ್ಲಿ ಸಿಕ್ಕಿದ್ದು ಒಂದೇ.

“ಎಣ್ಣೆ ಒತ್ತಡದಲ್ಲಿ ಒತ್ತೋ ಹೈಡ್ರಾಲಿಕ್ ಪ್ರೆಸ್ ತಗೊಂಡುಬಿಡ್ತೀನಿ, ಕೈಗೆ ಶ್ರಮ ಇರಲ್ಲ,” ಎಂದೆ.

“ಕೈಗೆ ಗೊತ್ತಾಗ್ಬೇಕು ಸಾರ್.” ಎಲ್ಲ ಕೆಲಸಕ್ಕೂ ಫಿಟ್ಟರದು ಅದೇ ಮಾತು. ತಮ್ಮ ಕೈ ಪ್ರೆಸ್ಸನ್ನು ಕ್ಲ್ಯಾಂಪಿನಿಂದ ಬೆಂಚಿಗೆ ಬಿಗಿದು, ಕಣ್ಣು ಮುಚ್ಚಿ ಹಿಡಿ ಇಳಿಸಿದರು. ಅರ್ಧಕ್ಕೇ ನಿಲ್ಲಿಸಿದರು.

“ನಿದ್ದೆ ಬಂತಾ ಅಣ್ಣ?” ಎಂದಳು ಹೆಂಡತಿ.

“ಬುಷ್ ವಾಲ್ತಾ ಇದೆ ಕಣಮ್ಮ. ಹೈಡ್ರಾಲಿಕ್ ಆಗಿದ್ರೆ ಗೊತ್ತೇ ಆಗ್ದೆ ನಜ್ಜುಗುಜ್ಜಾಗ್ತಿತ್ತು.”

ಬಗ್ಗಿ ನೋಡಿದೆ. ಕೂದಲೆಳೆಯಷ್ಟು ವಾಲಿತ್ತು. ಅದನ್ನು ನೆಟ್ಟಗೆ ಮಾಡಿ, ಹಿಡಿಯನ್ನು ನನಗೆ ಕೊಟ್ಟರು. ಬುಷ್ ನೇರವಾಗಿ ಇಳಿದದ್ದು ನನ್ನ ಅಂಗೈಗೂ ತಿಳಿಯಿತು.

ಒಂಬತ್ತಕ್ಕೆ ಫ್ಯಾನ್ ತಿರುಗಿತು. ಹತ್ತರೊಳಗೆ, ಹೈಡ್ರಾಲಿಕ್ ಬಿಟ್ಟು ನಾನು ಕೊಳ್ಳಲಿದ್ದ ಅವರದರಂಥ ಕೈ ಪ್ರೆಸ್ಸಿಗಾಗಿ ಬೆಂಚಿನಲ್ಲಿ ನಾಲ್ಕು ತೂತು ಕೊರೆದು ಮುಗಿಸಿದೆ.