ನನ್ನ ಬಾಗಿಲೆದುರು ಸದಾನಂದರ ದೋಸೆ

ಹೊಟ್ಟೆ ತುಂಬಿಸುವ ವೃತ್ತಿಯವನಿಗೆ ಹೊಟ್ಟೆಕಿಚ್ಚು ಇರಬಾರದೆಂದು ಎಲ್ಲಿಯೂ ಬರೆದಿಲ್ಲ. ಹಾಗಾಗಿ ನಾಚಿಕೆಯಿಲ್ಲದೆ ಹೇಳುತ್ತೇನೆ: ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ನನ್ನ ಹೋಟೆಲಿನ ಎದುರಿನ ಬಸ್ ಸ್ಟಾಪನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲು ಅದು ಬರೀ ತಗಡಿನ ಮಾಡು. ಆಮೇಲೆ ನಗರಪಾಲಿಕೆಗೆ ಆದಾಯ ಬೇಕಾಯಿತು. ಸ್ಟಾಪಿನ ಬೆನ್ನು, ದೀಪದ ಕಂಬ, ಪಾದಚಾರಿಗಳ ಸ್ಕೈವಾಕಿನ ಪಕ್ಕೆ, ಖಾಲಿ ಕಂಡದ್ದೆಲ್ಲ ಜಾಹೀರಾತಿಗೆ ಬಾಡಿಗೆಗೆ ಹೋಯಿತು. ನನ್ನೆದುರಿನದನ್ನು ಹಿಡಿದವರು ಸದಾನಂದರು. ನಾವಿಬ್ಬರೂ ಉಡುಪಿಯ ಕಡೆಯಿಂದ ಬಂದು ಒಂದೇ ಹೋಟೆಲಿನಲ್ಲಿ ತಟ್ಟೆ ತೊಳೆದವರು. ಈಗ ಅವರ ಹೋಟೆಲು ರೈಲು ಹಳಿಯ ಆಚೆ, ಪಶ್ಚಿಮದಲ್ಲಿ. ಅವರ ದೋಸೆ ಮಾತ್ರ ಆಳೆತ್ತರದ ಚಿತ್ರವಾಗಿ, ಪಕ್ಕದಲ್ಲಿ ಅವರ ನಗುಮುಖವನ್ನೂ ಇಟ್ಟುಕೊಂಡು, ನನ್ನ ಗಲ್ಲಾಪೆಟ್ಟಿಗೆಯನ್ನೇ ನೋಡುತ್ತ ನಿಂತಿತು. ಸಂಜೆಯಾದರೆ ಅದಕ್ಕೆ ಲೈಟು ಬೇರೆ.

ಹಿಂದೆ ಕೆರೆ ಕಟ್ಟಿಸಿದವನ ಹೆಸರನ್ನು ಶಾಸನದಲ್ಲಿ ಕೆತ್ತುತ್ತಿದ್ದರು. ಈಗ ಕಟ್ಟಿಸುವವರು ಒಬ್ಬರು, ಹೆಸರು ಬಾಡಿಗೆ ತೆತ್ತವರದ್ದು. ನಾನು ತೆರಿಗೆ ಕಟ್ಟಿದ ಸ್ಟಾಪಿನಲ್ಲಿ ಸದಾನಂದರು ನಗುವುದೆಂದರೇನು? ಗಿರಾಕಿಗಳೆಲ್ಲ ಅವರ ಪಾಲಾಗುತ್ತಾರೆಂದು ನನಗೆ ಊಟ ರುಚಿಸಲಿಲ್ಲ.

"ಅಷ್ಟು ಉರಿಯುದಾದ್ರೆ ನೀವೂ ಒಂದು ಬೋರ್ಡು ಹಾಕಿ ಮಾರಾಯ್ರೆ. ಮುಖ ಮಾತ್ರ ಬೇಡ," ಎಂದಳು ಹೆಂಡತಿ.

ಆದರೆ ಸದಾನಂದರು ಒಂದನ್ನು ಮರೆತಿದ್ದರು. ನಮ್ಮೂರಿನಲ್ಲಿ ಪೂರ್ವದವರು ಸೇತುವೆ ಹತ್ತಿಳಿದು ಪಶ್ಚಿಮಕ್ಕೆ ಮದುವೆಗೆ ಹೋಗುವುದೇ ಕಷ್ಟ. ದೋಸೆಗಾಗಿ ಯಾರು ಹೋಗುತ್ತಾರೆ? ಬಸ್ಸು ತಡವಾದಂತೆ ಚಿತ್ರ ನೋಡಿ ಹಸಿದವರು ರಸ್ತೆ ದಾಟಿ ನನ್ನಲ್ಲಿಗೇ ಬಂದು, "ಅಣ್ಣಾ, ವೋ ಫೋಟೋವಾಲಾ ಡೋಸಾ ದೇನಾ" ಎಂದು ಚಿತ್ರದ ದೋಸೆಯನ್ನೇ ಕೇಳತೊಡಗಿದರು. ಬೆಳಗ್ಗೆ ನಿಲ್ಲಲು ಜಾಗವಿಲ್ಲ. ಆದರೂ ನನ್ನ ಉರಿ ಇಳಿಯಲಿಲ್ಲ. ತಿನ್ನುವುದು ನನ್ನ ದೋಸೆ, ಬಯಸಿ ಬಂದದ್ದು ಅವರದ್ದು. ಇದನ್ನು ಸಹಿಸುವುದು ಹೇಗೆ?

ಒಂದು ದಿನ ಸದಾನಂದರೇ ಬಂದರು. ತಮ್ಮದೇ ಮುಖದ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು ನನ್ನ ಹೋಟೆಲಿನ ಗುಂಪನ್ನು ನೋಡಿದರು. ಆಮೇಲೆ ಒಳಗೆ ಬಂದು ಚಹಾ ಕೇಳಿದರು.

"ಬೋರ್ಡು ನನ್ನದು, ರಶ್ಶು ನಿಮ್ಮಲ್ಲಿ. ಸುಳ್ಳು ಯಾಕೆ ಹೇಳುದು, ನನಗೆ ಹೊಟ್ಟೆ ಉರೀತದೆ ಮಾರಾಯ್ರೆ," ಎಂದರು.

ಎಷ್ಟೋ ತಿಂಗಳ ನನ್ನ ಸಂಕಟ ಆ ಒಂದು ಮಾತಿಗೆ ತಣ್ಣಗಾಯಿತು. ಅವರನ್ನು ಬಲವಂತವಾಗಿ ಕೂರಿಸಿ, ತುಪ್ಪ ಹೆಚ್ಚು ಹಾಕಿಸಿ ತಿಂಡಿ ತಿನ್ನಿಸಿದೆ. ಇಂಥ ಒಳ್ಳೆಯ ಮನುಷ್ಯನನ್ನು ನಾನು ಇಷ್ಟು ದಿನ ಗುರುತಿಸಲೇ ಇಲ್ಲವಲ್ಲ ಅನ್ನಿಸಿತು.