ಅಣ್ಣನ ಮೈಗೆ ಒಗ್ಗಿದ ಸೀಟು

ಆ ಅಂಚೆಯವನನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಪೆಡಲ್ ಎಂದೇ. ಇಪ್ಪತ್ತೊಂಬತ್ತು ವರ್ಷ, ದಿನಕ್ಕೆ ನಲವತ್ತು ಕಿಲೋಮೀಟರು ಸೈಕಲ್ ತುಳಿದವನಿಗೆ ಬೇರೆ ಹೆಸರು ಯಾಕೆ ಬೇಕು ಹೇಳಿ. ಸೈಕಲ್ಲು ನಾಲ್ಕು ಬದಲಾದವು, ಸೀಟು ಮಾತ್ರ ಒಂದೇ. ಅದು ತೀರಿಹೋದ ಅಣ್ಣನದು, ರೇಸ್ ಸೈಕಲ್ಲಿನ ಚರ್ಮದ ಸೀಟು. ಮೈಗೆ ಒಗ್ಗಿದ ಸೀಟನ್ನು ಬಿಡಬಾರದೆಂಬುದು ಸೈಕಲ್ಲಿನವರ ಹಟ. ಅದು ಒಗ್ಗಿದ್ದು ಅಣ್ಣನ ಮೈಗೆ, ತನ್ನ ಮೈಗಲ್ಲ ಎಂಬುದು ಈ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಕೈಗೆ ಗಂಟು ಸಿಕ್ಕಿತು. ಸೀಟು ಒತ್ತುವ ಜಾಗದಲ್ಲಿ, ಎಡಕ್ಕೆ, ಗೋಲಿಯಷ್ಟು. ಪೆಡಲ್ ಬಚ್ಚಲಲ್ಲೇ ಕೂತ. ಅಣ್ಣನ ಗಂಟು ಇದ್ದದ್ದೂ ಅಲ್ಲೇ, ಎಡಕ್ಕೇ. "ಬಂದ್ಯಾ," ಎಂದ ಮೆಲ್ಲಗೆ, ಬಾಗಿಲಲ್ಲಿ ಅಣ್ಣನೇ ನಿಂತಿರುವಂತೆ.

ಅಣ್ಣನಿಗೆ ಆಗ ಇಪ್ಪತ್ತೆರಡು. ದೊಡ್ಡ ರೇಸಿಗೆ ಹನ್ನೊಂದು ದಿನ ಉಳಿದಿತ್ತು. ಗಂಟನ್ನು ಕುರು ಎಂದುಕೊಂಡ. ಡಾಕ್ಟರಿಗೆ ತೋರಿಸಿದರೆ ತಂಡದಿಂದ ಕೈಬಿಡುತ್ತಾರೆಂಬ ಭಯ, ಸಾಲದ್ದಕ್ಕೆ ನಾಚಿಕೆಯ ಜಾಗ. "ಕೀವು ತೆಗೆದ್ರೆ ಮುಗೀತು. ನಂಗೆ ಕಾಣಲ್ಲ, ನೀನು ಕನ್ನಡಿ ಹಿಡ್ಕೋ. ಅಮ್ಮನ ಹತ್ರ ಬಾಯಿ ಬಿಟ್ರೆ ನೋಡು," ಎಂದ. ಹತ್ತೊಂಬತ್ತರ ತಮ್ಮ ಕನ್ನಡಿ ಹಿಡಿದ. ಅಣ್ಣ ಅದರಲ್ಲಿ ನೋಡಿಕೊಂಡು ಬ್ಲೇಡು ಆಡಿಸಿದ. ಕೀವು ಬರಲಿಲ್ಲ, ರಕ್ತ ಬಂತು. ನಾಲ್ಕನೇ ದಿನ ಜ್ವರ ಏರಿತು, ಒಂಬತ್ತನೇ ದಿನ ಅಣ್ಣ ಇಲ್ಲ. ಮನೆಯವರು ಕೆಟ್ಟ ಜ್ವರವೆಂದರು. ಗಂಟಿನೊಳಗಿನ ವಿಷವೇ ಅಣ್ಣನನ್ನು ತಿಂದಿತೆಂದು ತಮ್ಮ ನಂಬಿದ, ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ.

ಅಂದಿನಿಂದ ಅಣ್ಣ ಅವನ ಬೆನ್ನು ಬಿಟ್ಟಿಲ್ಲ. ದಿಬ್ಬ ಹತ್ತುವಾಗ ಹಿಂದಿನಿಂದ ಏದುಸಿರು ಕೇಳುತ್ತದೆ, ತಿರುಗಿದರೆ ಖಾಲಿ ರಸ್ತೆ. ಬೇರೆಯವರಾಗಿದ್ದರೆ ದಾರಿ ಬದಲಿಸುತ್ತಿದ್ದರು. ಇವನು, ಹಿಂದಿದ್ದವನಿಗೆ ಸುಸ್ತಾದೀತೆಂದು ವೇಗ ತಗ್ಗಿಸುತ್ತಿದ್ದ.

ಈಗ ಅಣ್ಣ ತನ್ನನ್ನು ಕರೆದೊಯ್ಯಲು ಬಂದಿದ್ದಾನೆ ಎಂಬುದರಲ್ಲಿ ಪೆಡಲ್‌ಗೆ ಅನುಮಾನವೇ ಉಳಿಯಲಿಲ್ಲ. ಎರಡು ತಿಂಗಳು ಬಾಯಿ ಹೊಲಿದುಕೊಂಡು ಕಾಗದ ಹಂಚಿದ. ಅನ್ನ ಸೇರಲಿಲ್ಲ. ಅವನು ಒಂದು ಕಡೆಗೆ ವಾಲಿ ಕೂರುವುದನ್ನು ಕಡೆಗೆ ಹೆಂಡತಿಯೇ ಕಂಡುಹಿಡಿದಳು. "ನಾಚ್ಕೊಂಡೇ ಸಾಯ್ತೀರಾ? ನಡೀರಿ," ಎಂದು ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರಮ್ಮ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು. "ಕ್ಯಾನ್ಸರ್ ಅಲ್ಲ, ಕುರುನೂ ಅಲ್ಲ. ವರ್ಷಗಟ್ಟಲೆ ಸೀಟು ಒತ್ತಿ ಒತ್ತಿ ಒಳಗಿನ ಮಾಂಸ ಗಟ್ಟಿಯಾಗಿದೆ ಅಷ್ಟೆ. ರೇಸಿನವರಲ್ಲಿ ನೋಡಿದೀನಿ. ಸೀಟು ಬದಲಾಯಿಸಿ, ಮೂರು ತಿಂಗಳು ಸೈಕಲ್ ಮುಟ್ಬೇಡಿ."

"ಕೊಯ್ಯೋದು ಬೇಡ್ವಾ?"

"ಯಾಕೆ ಕೊಯ್ಬೇಕು? ಒಳಗೆ ಕೀವೇ ಇಲ್ವಲ್ಲ."

"ಹಾಗೇ ಬಿಟ್ರೆ ಜೀವಕ್ಕೆ..."

"ಇದ್ರಿಂದ ಯಾರೂ ಸಾಯಲ್ಲ," ಎಂದು ಡಾಕ್ಟರಮ್ಮ ನಕ್ಕರು.

ಹೊರಗೆ ಬೆಂಚಿನ ಮೇಲೆ ಹೆಂಡತಿ ಚೀಲದ ಹಿಡಿ ತಿರುಚುತ್ತ ಕೂತಿದ್ದಳು. "ಏನಂದ್ರು?"

"ಏನೂ ಇಲ್ವಂತೆ."

ಅವಳು ದೊಡ್ಡದಾಗಿ ಉಸಿರು ಬಿಟ್ಟು ಕಣ್ಣೊರೆಸಿಕೊಂಡಳು. ಪೆಡಲ್ ಪಕ್ಕದಲ್ಲಿ ಕೂತ. ಸಾಯುವ ಭಯವೇನೋ ಹೋಗಿತ್ತು. ಅದರ ಜಾಗಕ್ಕೆ ಬಂದದ್ದನ್ನು ಹೊರಲು ಅವನಿಂದ ಆಗಲಿಲ್ಲ, ಅಷ್ಟು ಜನರ ನಡುವೆ ಅಳತೊಡಗಿದ.

"ಏನೂ ಇಲ್ಲ ಅಂದ್ರಲ್ಲ, ಇನ್ನೇನು?" ಎಂದಳು ಅವಳು.

"ಅಣ್ಣಂಗೂ ಏನೂ ಇರ್ಲಿಲ್ಲ ಕಣೆ," ಎಂದ ಅವನು. "ನಾವೇ ಕೊಯ್ದ್ವಿ."