ಮಗಳ ಜೊತೆ ಯಾರೂ ಮಾತಾಡದ ಶನಿವಾರ

ಕಳೆದ ಶನಿವಾರ ನನ್ನ ಮಗಳ ಜೊತೆ ಯಾರೂ ಮಾತಾಡಲಿಲ್ಲ. ಅದೂ ಅವಳದೇ ಟೀಮಿನ ಹುಡುಗಿಯರು!

ಅಮೆರಿಕದ ಜಾನ್ಸ್ ಕ್ರೀಕ್‌ನ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಸಾಫ್ಟ್‌ಬಾಲ್ ಮ್ಯಾಚ್ (ಹುಡುಗಿಯರ ಬೇಸ್‌ಬಾಲ್ ಅಂದುಕೊಳ್ಳಿ). ಮಗಳು ಮೇಖಲಾ ಪಿಚರ್, ಅಂದರೆ ನಮ್ಮ ಲೆಕ್ಕದಲ್ಲಿ ಬೌಲರ್. ಐದನೇ ಇನ್ನಿಂಗ್ಸ್ ಮುಗಿಸಿ ಬಂದವಳು ಬೆಂಚಿನ ತುದಿಯಲ್ಲಿ ಒಬ್ಬಳೇ ಕೂತಳು. ಬೇರೆ ದಿನ ಅವಳ ಜಡೆ ಎಳೆದು, ಅವಳ ಡಬ್ಬಿಯ ಕೋಡುಬಳೆಗೆ ಕೈ ಹಾಕುವ ಹುಡುಗಿಯರು ಅವತ್ತು ಇನ್ನೊಂದು ತುದಿಗೆ ಸರಿದಿದ್ದರು. ಒಬ್ಬಳೂ ತಿರುಗಿ ನೋಡುತ್ತಿಲ್ಲ. ನನ್ನ ಪಕ್ಕ ಕೂತ ಅಮ್ಮಂದಿರೂ ಗಪ್‌ಚುಪ್.

ಏನು ತಪ್ಪು ಮಾಡಿದೆ ನನ್ನ ಕೂಸು? ನಮ್ಮ ಬಣ್ಣ ಇವತ್ತು ಕಂಡಿತಾ ಇವರಿಗೆ? (ಈ ದೇಶದಲ್ಲಿ ಇಷ್ಟು ವರ್ಷ ಇದ್ದವರಿಗೆ ಆ ಯೋಚನೆಯೇ ಮೊದಲು ಬರುತ್ತದೆ, ಏನು ಮಾಡಲಿ.)

"ಸುಮ್ನೆ ಕೂತ್ಕೊಳೇ" ಅಂದರು ನಮ್ಮವರು. ಕೂರುವವಳಾ ನಾನು? ಸೀದಾ ಬೆಂಚಿನ ಹಿಂದಿನ ಬಲೆಯ ಹತ್ತಿರ ಹೋಗಿ, ಇಡೀ ಮೈದಾನಕ್ಕೆ ಕೇಳಿಸುವಂತೆ ಕೋಚನ್ನು ಇಂಗ್ಲಿಷಿನಲ್ಲೇ ತರಾಟೆಗೆ ತೆಗೆದುಕೊಂಡೆ. ನನ್ನ ಮಗಳನ್ನು ಯಾಕೆ ದೂರ ಇಟ್ಟಿದ್ದೀರಿ?

ಕೋಚ್ ಕಣ್ಣು ಮುಚ್ಚಿಕೊಂಡರು. "ಅಮ್ಮ, ಪ್ಲೀಸ್! ಗೋ!" ಅಂದ ಮಗಳ ಮುಖ ಬಿಳಿಚಿಕೊಂಡಿತ್ತು.

ನಮ್ಮವರು ರಟ್ಟೆ ಹಿಡಿದು ಎಳೆತಂದು ಕಿವಿಯಲ್ಲಿ ಉಸುರಿದರು. "ಆ ಕಡೆಯೋರು ಒಬ್ರೂ ಇನ್ನೂ ಫಸ್ಟ್ ಬೇಸ್ ಮುಟ್ಟಿಲ್ಲ ಕಣೇ. ಪರ್ಫೆಕ್ಟ್ ಗೇಮ್ ಆಗ್ತಿದೆ. ಅಂಥ ಟೈಮಲ್ಲಿ ಪಿಚರ್ ಹತ್ರ ಯಾರೂ ಮಾತಾಡಲ್ಲ."

"ಗೊತ್ತಿದ್ದೂ ಯಾಕ್ರೀ ಹೇಳ್ಲಿಲ್ಲ?"

"ಬಾಯ್ಬಿಟ್ಟು ಹೇಳ್ಬಾರ್ದು. ಅದೇ ರೂಲು!"

ಎದುರಾಳಿಗಳಲ್ಲಿ ಒಬ್ಬರೂ ಫಸ್ಟ್ ಬೇಸ್ (ಬ್ಯಾಟರ್ ಓಡಿ ಮುಟ್ಟಬೇಕಾದ ಮೊದಲ ಗುರುತು) ತಲುಪದಿದ್ದರೆ ಅದು ಪರ್ಫೆಕ್ಟ್ ಗೇಮ್. ಒಂದು ಒಳ್ಳೆ ಹೊಡೆತ ಬಿದ್ದರೂ, ನಮ್ಮ ಟೀಮಿನವರೇ ಒಂದು ಕ್ಯಾಚ್ ಬಿಟ್ಟರೂ ಕಥೆ ಮುಗಿಯಿತು. ಬೇಸ್‌ಬಾಲಿನ ದೊಡ್ಡ ಲೀಗಿನಲ್ಲೇ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಎರಡು ಡಜನ್ ಆಗಿವೆ, ಅಷ್ಟೇ! ಅಂಥದ್ದು ನಮ್ಮ ಪಾರ್ಕಿನಲ್ಲಿ, ನನ್ನ ಮಗಳ ಕೈಯಲ್ಲಿ.

ನಿಜವಾದ ಶಾಕ್ ಆಮೇಲೆ ಹೊಡೆಯಿತು. ಗ್ರೀನ್ ಕಾರ್ಡ್ ಕೈಗೆ ಬರುವ ತನಕ ಒಡಹುಟ್ಟಿದ ತಂಗಿಗೂ ಬಾಯಿ ಬಿಡದವಳು ನಾನು. ಮಗು ದುಂಡಗಿದೆ ಎಂದು ಯಾರಾದರೂ ಅಂದರೆ ಸಂಜೆಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದವಳು. ಆ ಹುಡುಗಿಯರು ಮಾಡುತ್ತಿದ್ದದ್ದೂ ಅದನ್ನೇ ತಾನೇ? ನನ್ನ ಮಗಳಿಗೆ ದೃಷ್ಟಿಯಾಗದಂತೆ ಕಾಯುತ್ತಿದ್ದರು. ನನಗೇ ಹೊಳೆಯಲಿಲ್ಲವಲ್ಲ!

ಕೊನೆಯ ಇನ್ನಿಂಗ್ಸ್, ಕೊನೆಯ ಬ್ಯಾಟರ್. ಸಲೀಸಾದ ಕ್ಯಾಚು. ಮೇಖಲಾಳ ಜೀವದ ಗೆಳತಿಯ ಗ್ಲೌಸಿನಿಂದ ಚೆಂಡು ಜಾರಿ ಹುಲ್ಲಿಗೆ ಬಿತ್ತು. ಬ್ಯಾಟರ್ ಓಡಿ ಫಸ್ಟ್ ಬೇಸ್ ಮುಟ್ಟಿಯೇಬಿಟ್ಟಳು. ಅಮ್ಮಂದಿರೆಲ್ಲ ತಿರುಗಿ ನನ್ನನ್ನು ನೋಡಿದರು.

ಮ್ಯಾಚೇನೋ ಗೆದ್ದೆವು. ಹುಡುಗಿಯರೆಲ್ಲ ಓಡಿಬಂದು ಅವಳನ್ನು ತಬ್ಬಿ, ಅಷ್ಟೂ ಹೊತ್ತಿನ ಮಾತನ್ನು ಒಟ್ಟಿಗೇ ಆಡಿದರು. ಕಾರಿನಲ್ಲಿ ನಾನು ತುಟಿ ಬಿಚ್ಚಲಿಲ್ಲ. ಮನೆಯ ತಿರುವು ಬಂದಾಗ ಹಿಂದಿನ ಸೀಟಿನಿಂದ ಅವಳೇ ಅಂದಳು:

"ಅಮ್ಮ, ಈಗ ಮಾತಾಡು. ಗೇಮ್ ಈಸ್ ಓವರ್."